ಟ್ರಾನ್ಸ್‌ಫಾರ್ಮರ್ ಯಾಕೆ ಇಷ್ಟು ಕಾದಿದೆ? ವಿದ್ಯುತ್ ಸ್ಥಾವರದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕಂಟ್ರೋಲ್ ರೂಮಿನಲ್ಲಿ "ವೈಂಡಿಂಗ್ ಟೆಂಪರೇಚರ್ ಹೈ" (ಒಳಗಿನ ತಂತಿಯ ಸುತ್ತು ಕಾದಿದೆ) ಅಂತ ಅಲಾರಂ ಹೊಡೆದಾಗ ಶಿಫ್ಟಿನವರು ಕೇಳುವ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ. ಹೆಚ್ಚಿನ ಮಾತು ಎಣ್ಣೆ ತುಂಬಿದ ದೊಡ್ಡ ಟ್ರಾನ್ಸ್‌ಫಾರ್ಮರ್‌ಗಳ ಬಗ್ಗೆ. ಅಂದರೆ ಜನರೇಟರಿನ ವಿದ್ಯುತ್ತನ್ನು ಗ್ರಿಡ್ಡಿಗೆ ಕಳಿಸುವ ಜನರೇಟರ್ ಟ್ರಾನ್ಸ್‌ಫಾರ್ಮರ್, ಸ್ಥಾವರದ ಸ್ವಂತ ಬಳಕೆಗೆ ವಿದ್ಯುತ್ ಕೊಡುವ ಯೂನಿಟ್ ಆಕ್ಸಿಲಿಯರಿ ಟ್ರಾನ್ಸ್‌ಫಾರ್ಮರ್, ಸ್ಟೇಷನ್ ಟ್ರಾನ್ಸ್‌ಫಾರ್ಮರ್. ಎಣ್ಣೆಯಿಲ್ಲದ ಡ್ರೈ ಟೈಪಿನ ಬಗ್ಗೆ ಕೊನೆಯ ಕಡೆ ನಾಲ್ಕು ಮಾತು ಇದೆ.

ಟ್ರಾನ್ಸ್‌ಫಾರ್ಮರ್ ಬಿಸಿಯಾಗೋದು ಸಹಜ ಅಲ್ವಾ? ಎಷ್ಟಾದರೆ ಜಾಸ್ತಿ?

ಸಹಜವೇ. 250 ಎಂವಿಎ (ಮೆಗಾವೋಲ್ಟ್ ಆಂಪಿಯರ್) ಸಾಮರ್ಥ್ಯದ ಯಂತ್ರದ ದಕ್ಷತೆ ಶೇ. 99.6 ಅಂತಿಟ್ಟುಕೊಳ್ಳಿ. ಕೇಳಲು ಚೆನ್ನಾಗಿದೆ. ಆದರೆ ಉಳಿದ ಶೇ. 0.4 ಅಂದರೆ ಸುಮಾರು 1 ಮೆಗಾವ್ಯಾಟ್. ಒಂದು ಕಿಲೋವ್ಯಾಟಿನ ಸಾವಿರ ಹೀಟರ್‌ಗಳನ್ನು ಆ ಟ್ಯಾಂಕಿನೊಳಗೆ ಹಗಲೂ ರಾತ್ರಿ ಉರಿಸಿದ ಹಾಗೆ. ಆ ಶಾಖವನ್ನೆಲ್ಲ ಹೊರಗೆ ಸಾಗಿಸೋದೇ ಎಣ್ಣೆ, ರೇಡಿಯೇಟರ್, ಫ್ಯಾನುಗಳ ಕೆಲಸ.

ಮಿತಿಗಳನ್ನು ಐಇಸಿ 60076-2 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಸಾಮಾನ್ಯ ಒನಾನ್ (ಎಣ್ಣೆ, ಗಾಳಿ ತಾವಾಗಿ ಹರಿದು ತಣಿಸುವ), ಒನಾಫ್ (ಫ್ಯಾನಿನ ಗಾಳಿಯಿಂದ ತಣಿಸುವ) ಯಂತ್ರಗಳಲ್ಲಿ ಸುತ್ತಲಿನ ಗಾಳಿಗಿಂತ ಟಾಪ್ ಆಯಿಲ್ (ಟ್ಯಾಂಕಿನ ಮೇಲ್ಭಾಗದ ಎಣ್ಣೆ) 60 ಡಿಗ್ರಿ, ವೈಂಡಿಂಗ್ ಸರಾಸರಿ 65 ಡಿಗ್ರಿ, ಹಾಟ್ ಸ್ಪಾಟ್ (ವೈಂಡಿಂಗಿನ ಅತಿ ಬಿಸಿ ಜಾಗ) 78 ಡಿಗ್ರಿ ಮೇಲೇರಬಹುದು. ಕೊಳ್ಳುವವರು ಇದಕ್ಕಿಂತ ಬಿಗಿಯಾದ ಮಿತಿ ಕೇಳಿರಬಹುದು. ಹಾಗಾಗಿ ನೇಮ್ ಪ್ಲೇಟ್ ಓದಿ, ಅದೇ ಕೊನೆಯ ಮಾತು.

ಎಣ್ಣೆ ಕೆಟ್ಟರೆ ಬದಲಾಯಿಸಬಹುದು. ವೈಂಡಿಂಗಿಗೆ ಸುತ್ತಿದ ಕಾಗದವನ್ನು ಹಾಗೆ ಬದಲಾಯಿಸಲು ಆಗಲ್ಲ. ಸಾಧಾರಣ ಕಾಗದಕ್ಕೆ ಹಾಟ್ ಸ್ಪಾಟ್ 98 ಡಿಗ್ರಿಯಲ್ಲಿದ್ದಾಗ ಅದರ ಸವೆತ ಮಾಮೂಲಿ ಅಂತ ಲೆಕ್ಕ. ಅಲ್ಲಿಂದ ಪ್ರತಿ 6 ಡಿಗ್ರಿಗೆ ಸವೆತ ಎರಡು ಪಟ್ಟಾಗುತ್ತದೆ. 110 ಡಿಗ್ರಿಯಲ್ಲಿ ಒಂದು ದಿನ ಓಡಿಸಿದರೆ ನಾಲ್ಕು ದಿನದ ಆಯಸ್ಸು ಖರ್ಚು. ಶಾಖ ತಡೆಯುವಂತೆ ಸಂಸ್ಕರಿಸಿದ ಕಾಗದವಾದರೆ ಆ 98ರ ಜಾಗದಲ್ಲಿ 110 ಇಟ್ಟು ಲೆಕ್ಕ ಹಾಕಬೇಕು.

ಹೋದ ವಾರ ಎಣ್ಣೆ 68 ಡಿಗ್ರಿ ಇತ್ತು, ಇವತ್ತು 75. ಗಾಬರಿ ಪಡಬೇಕಾ?

ಇಷ್ಟೇ ಹೇಳಿದರೆ ಯಾರೂ ಉತ್ತರ ಕೊಡಲಾರರು. ಅವತ್ತು ಗಾಳಿ ಎಷ್ಟಿತ್ತು, ಇವತ್ತು ಎಷ್ಟಿದೆ? ಲೋಡು ಎಷ್ಟು? ಎಷ್ಟು ಫ್ಯಾನು ಓಡುತ್ತಿದ್ದವು? ಡಿಗ್ರಿ ಒಂದನ್ನೇ ನೋಡಬೇಡಿ. ಇರಬೇಕಾದದ್ದಕ್ಕೂ ಇರುವುದಕ್ಕೂ ಎಷ್ಟು ಅಂತರ ಅನ್ನೋದನ್ನು ನೋಡಿ. ಈ ಪುಟದಿಂದ ಒಂದೇ ಮಾತು ನೆನಪಿಟ್ಟುಕೊಳ್ಳೋದಾದರೆ ಅದು ಇದೇ ಆಗಿರಲಿ.

"ಇರಬೇಕಾದದ್ದು" ಗೊತ್ತಾಗೋದು ಎಷ್ಟು ಬಿಸಿಯೇರುತ್ತದೆ ಅಂತ ಫ್ಯಾಕ್ಟರಿಯಲ್ಲಿ ನೋಡುವ ಹೀಟ್ ರನ್ ಟೆಸ್ಟ್ ರಿಪೋರ್ಟಿನಿಂದ. ಅದರಲ್ಲಿ ಪೂರ್ತಿ ಲೋಡಿಗೆ ಟಾಪ್ ಆಯಿಲ್ ಏರಿಕೆ 50 ಡಿಗ್ರಿ, ಲೋಡ್ ಲಾಸ್ (ಲೋಡಿನ ಕರೆಂಟಿನಿಂದಾಗುವ ನಷ್ಟ) ನೋ ಲೋಡ್ ಲಾಸಿನ (ಲೋಡಿಲ್ಲದೆ ಚಾರ್ಜ್ ಆಗಿದ್ದರೂ ಆಗುವ ನಷ್ಟ) 6 ಪಟ್ಟು ಅಂತ ಇದೆ ಅಂದುಕೊಳ್ಳಿ. ಈಗ ಲೋಡು ಶೇ. 70. ಲೋಡ್ ಲಾಸ್ ಕರೆಂಟಿನ ವರ್ಗದ ಹಾಗೆ ಬದಲಾಗುತ್ತದೆ, ಹಾಗಾಗಿ 6 ಗುಣಿಸು 0.49, ಸುಮಾರು 2.94. ನೋ ಲೋಡ್ ಲಾಸ್ 1 ಹಾಗೇ ಇರುತ್ತದೆ. ಒಟ್ಟು 3.94, ಪೂರ್ತಿ ಲೋಡಿನ 7ಕ್ಕೆ ಹೋಲಿಸಿದರೆ ಶೇ. 56. ಏರಿಕೆ ಇದಕ್ಕೆ ನೇರ ಅನುಪಾತದಲ್ಲಿ ಇಳಿಯೋದಿಲ್ಲ, 0.8ರ ಘಾತ ಹಾಕಬೇಕು. ಸುಮಾರು ಶೇ. 63 ಬರುತ್ತದೆ, ಅಂದರೆ 32 ಡಿಗ್ರಿ. ಗಾಳಿ 30 ಡಿಗ್ರಿ ಇದ್ದರೆ ಎಣ್ಣೆ 62ರ ಸುತ್ತಮುತ್ತ ಇರಬೇಕು.

75 ತೋರಿಸುತ್ತಿದ್ದರೆ 13 ಡಿಗ್ರಿಗೆ ಉತ್ತರ ಹುಡುಕಬೇಕು. ಅದೇ ಗಾಳಿ 42 ಇದ್ದು ಎಣ್ಣೆ 75 ಇದ್ದರೆ ಯಂತ್ರ ಆರೋಗ್ಯವಾಗಿದೆ, ಸುಮ್ನೆ ಬಿಟ್ಟುಬಿಡಿ. ಎರಡು ಮೂರು ಡಿಗ್ರಿ ಆಚೀಚೆ ಆಗೋದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಪಂಪಿನಿಂದ ಎಣ್ಣೆ ತಳ್ಳುವ ಯಂತ್ರಗಳಿಗೆ ಘಾತ 0.8ರ ಬದಲು 1.

ಲೋಡು ಬದಲಾದ ಮೇಲೆ ಎಷ್ಟು ಹೊತ್ತು ಬಿಟ್ಟು ಓದಬೇಕು?

ವೈಂಡಿಂಗ್ ಕೆಲವೇ ನಿಮಿಷದಲ್ಲಿ ಬಿಸಿಯೇರುತ್ತದೆ. ಎಣ್ಣೆ ನಿಧಾನ, ಗಂಟೆಗಟ್ಟಲೆ ತೆಗೆದುಕೊಳ್ಳುತ್ತದೆ. ಬೆಳಿಗ್ಗೆ 9ಕ್ಕೆ ಲೋಡು ಏರಿಸಿ 10ಕ್ಕೆ ಲೆಕ್ಕ ಹಾಕಿದರೆ ಎಲ್ಲ ಚೆನ್ನಾಗಿದೆ ಅನ್ನಿಸುತ್ತದೆ. ಲೋಡು ಏಳೆಂಟು ಗಂಟೆ ಒಂದೇ ಸಮ ಇದ್ದಾಗ ತೆಗೆದ ರೀಡಿಂಗ್ ಮಾತ್ರ ಹೋಲಿಕೆಗೆ ಯೋಗ್ಯ.

ಮೀಟರೇ ಸುಳ್ಳು ಹೇಳುತ್ತಿದ್ದರೆ?

ಹೇಳುತ್ತದೆ, ಅದೂ ಆಗಾಗ! ಬೇರೆಲ್ಲ ಬಿಚ್ಚುವ ಮೊದಲು ಮೀಟರಿನ ಮೇಲೇ ಅನುಮಾನ ಇರಲಿ.

ಆಯಿಲ್ ಟೆಂಪರೇಚರ್ ಮೀಟರಿನ ಬಲ್ಬ್ ಟ್ಯಾಂಕಿನ ಮೇಲ್ಭಾಗದ ಒಂದು ಪಾಕೆಟ್‌ನಲ್ಲಿ ಕೂತಿರುತ್ತದೆ. ಆ ಪಾಕೆಟ್‌ನಲ್ಲೂ ಎಣ್ಣೆ ತುಂಬಿರಬೇಕು. ಒಣಗಿದ್ದರೆ ಬಲ್ಬಿಗೆ ಶಾಖ ಸರಿಯಾಗಿ ತಲುಪಲ್ಲ, ರೀಡಿಂಗ್ ಕಡಿಮೆ ಬರುತ್ತದೆ. ಕ್ಯಾಪಿಲರಿ ಕೊಳವೆ ಮಡಚಿಕೊಂಡಿದ್ದರೂ ತಪ್ಪು ತೋರಿಸುತ್ತದೆ. ಪಕ್ಕದಲ್ಲಿ ಖಾಲಿ ಪಾಕೆಟ್ ಇದ್ದರೆ ಅದಕ್ಕೆ ಎಣ್ಣೆ ಹಾಕಿ ಗಾಜಿನ ಥರ್ಮಾಮೀಟರ್ ಇಳಿಬಿಟ್ಟು ನೋಡಿ.

ವೈಂಡಿಂಗ್ ಟೆಂಪರೇಚರ್ ಮೀಟರಿನ ಕತೆ ಇನ್ನೂ ಸ್ವಾರಸ್ಯ. ಹೆಸರು ಹಾಗಿದ್ದರೂ ಅದು ವೈಂಡಿಂಗನ್ನು ಮುಟ್ಟೋದೇ ಇಲ್ಲ. ಅಳೆಯೋದು ಎಣ್ಣೆಯನ್ನೇ. ಬುಶಿಂಗ್ (ಟ್ಯಾಂಕಿನಿಂದ ಕರೆಂಟು ಹೊರಬರುವ ಇನ್ಸುಲೇಟರ್) ಹತ್ತಿರದ ಸಿಟಿಯಿಂದ (ದೊಡ್ಡ ಕರೆಂಟನ್ನು ಅಳತೆಗೆ ಚಿಕ್ಕದಾಗಿಸುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಬರುವ ಕರೆಂಟು ಒಂದು ಪುಟ್ಟ ಹೀಟರನ್ನು ಬಿಸಿ ಮಾಡುತ್ತದೆ, ಮುಳ್ಳು ಅಷ್ಟು ಮೇಲೆ ಸರಿಯುತ್ತದೆ. ಅದು ಅಂದಾಜು, ಅಳತೆಯಲ್ಲ. ಸೆಟ್ಟಿಂಗ್ ತಪ್ಪಿದ್ದರೆ ಅಂದಾಜೂ ತಪ್ಪು.

ಇದಕ್ಕೊಂದು ಸುಲಭ ಪರೀಕ್ಷೆ ಇದೆ. ಲೋಡಿನಲ್ಲಿರುವಾಗ ಎರಡೂ ಮುಳ್ಳುಗಳನ್ನು ನೋಡಿ. ಪೂರ್ತಿ ಲೋಡಿಗೆ ಎರಡರ ನಡುವೆ 20 ಡಿಗ್ರಿ ಅಂತರ ಇರಬೇಕಾದ ಯಂತ್ರದಲ್ಲಿ ಶೇ. 70 ಲೋಡಿಗೆ 12ರ ಆಸುಪಾಸು ಅಂತರ ಕಾಣಬೇಕು. ಎರಡೂ ಒಂದೇ ತೋರಿಸುತ್ತಿದ್ದರೆ ಹೀಟರಿಗೆ ಕರೆಂಟು ಹೋಗುತ್ತಿಲ್ಲ. ನಾನು ನೋಡಿದ ಒಂದು ಯಂತ್ರದಲ್ಲಿ ಎರಡೂ ಮುಳ್ಳು 64ರಲ್ಲಿ ಜೋಡಿಯಾಗಿ ನಿಂತಿದ್ದವು. ಲಾಗ್ ಪುಸ್ತಕ ತಿರುವಿದರೆ ತಿಂಗಳುಗಟ್ಟಲೆ ಅದೇ ಕತೆ. ಟೆಸ್ಟಿಂಗ್‌ಗೆ ಹಾಕಿದ್ದ ಸಿಟಿ ಶಾರ್ಟಿಂಗ್ ಲಿಂಕನ್ನು ಯಾರೂ ತೆಗೆದಿರಲಿಲ್ಲ. ವೈಂಡಿಂಗ್ ಟ್ರಿಪ್ (ತಾಪ ಮೀರಿದರೆ ಯಂತ್ರ ನಿಲ್ಲಿಸುವ ವ್ಯವಸ್ಥೆ) ಇದ್ದೂ ಇಲ್ಲದ ಹಾಗೆ. ಆ ಲಿಂಕಿಗೆ ಕೈ ಹಾಕುವಾಗ ಒಂದು ಎಚ್ಚರ: ಲೋಡಿನಲ್ಲಿರುವ ಸಿಟಿಯ ಸೆಕೆಂಡರಿಯನ್ನು ಎಂದೂ ತೆರೆದಿಡಬೇಡಿ.

ಕಂಟ್ರೋಲ್ ರೂಮಿನ ರೀಡಿಂಗನ್ನು ಯಂತ್ರದ ಪಕ್ಕದ ಡಯಲ್ ಜೊತೆ ಹೋಲಿಸೋದನ್ನೂ ಮರೆಯಬೇಡಿ.

ಮೀಟರ್ ಸರಿ ಇದೆ, ನಿಜಕ್ಕೂ ಬಿಸಿ ಇದೆ. ಯಾರ್ಡಿಗೆ ಹೋಗಿ ಮೊದಲು ಏನು ನೋಡಲಿ?

ಕೂಲಿಂಗ್. ಎಣ್ಣೆ ಪೂರ್ತಿ ಕಾದಿದೆ ಅಂದರೆ ಹತ್ತರಲ್ಲಿ ಎಂಟು ಸಲ ತಪ್ಪು ಹೊರಗಡೆಯೇ ಇರುತ್ತದೆ ಅನ್ನೋದು ನನ್ನ ಅನುಭವ.

ಫ್ಯಾನುಗಳನ್ನು ಎಣಿಸಿ. ಓಡುತ್ತಿದೆಯಾ ಅನ್ನೋದಷ್ಟೇ ಅಲ್ಲ, ಯಾವ ಕಡೆ ಓಡುತ್ತಿದೆ ನೋಡಿ. ಮೋಟಾರ್ ರಿವೈಂಡ್ ಮಾಡಿಸಿ ತಂದು ಹಾಕುವಾಗ ಎರಡು ಫೇಸ್ ಅದಲುಬದಲಾದರೆ ಫ್ಯಾನು ತಿರುಗಾಮುರುಗಾ ತಿರುಗುತ್ತದೆ. ಸದ್ದು ಬರುತ್ತದೆ, ಕರೆಂಟು ಎಳೆಯುತ್ತದೆ, ಪ್ಯಾನೆಲ್ಲಿನಲ್ಲಿ ಹಸಿರು ದೀಪವೂ ಉರಿಯುತ್ತದೆ, ರೇಡಿಯೇಟರಿಗೆ ಗಾಳಿ ಮಾತ್ರ ಬೀಳಲ್ಲ. ಕೋಲಿನ ತುದಿಗೆ ಒಂದು ರಿಬ್ಬನ್ ಕಟ್ಟಿ ಹಿಡಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ.

ಆಮೇಲೆ ರೇಡಿಯೇಟರ್‌ಗಳು. ಪ್ರತಿಯೊಂದಕ್ಕೂ ಮೇಲೊಂದು ಕೆಳಗೊಂದು ವಾಲ್ವ್ ಇರುತ್ತದೆ. ಸೋರಿಕೆ ರಿಪೇರಿಗೆ ಮುಚ್ಚಿದವರು ತೆರೆಯಲು ಮರೆತಿರುತ್ತಾರೆ. ಅಂಥ ರೇಡಿಯೇಟರ್ ಪಕ್ಕದವುಗಳಿಗಿಂತ ತಣ್ಣಗಿರುತ್ತದೆ. ಹ್ಯಾಂಡಲ್ ತೆರೆದ ಸ್ಥಾನದಲ್ಲಿದೆ ಅಂತ ನಂಬಬೇಡಿ, ಒಳಗಿನ ತಟ್ಟೆ ಕಳಚಿಕೊಂಡಿದ್ದರೆ ಹ್ಯಾಂಡಲ್ ಮಾತ್ರ ತಿರುಗುತ್ತದೆ. ಎಲ್ಲ ರೇಡಿಯೇಟರ್‌ಗಳೂ ತಣ್ಣಗಿದ್ದು ಟ್ಯಾಂಕ್ ಮಾತ್ರ ಕುದಿಯುತ್ತಿದ್ದರೆ ಎಣ್ಣೆಯ ಮಟ್ಟ ಮೇಲಿನ ಹೆಡರಿಗಿಂತ ಕೆಳಗಿಳಿದಿರಬಹುದು. ಆಗ ಎಣ್ಣೆಯ ಸುತ್ತಾಟವೇ ನಿಂತುಹೋಗುತ್ತದೆ.

ಕಲ್ಲಿದ್ದಲು ಸ್ಥಾವರದಲ್ಲಿ ರೇಡಿಯೇಟರ್ ಫಿನ್ನುಗಳ ನಡುವೆ ಹಾರುಬೂದಿ ಕೂರುತ್ತದೆ. ಮಳೆ ಬಿದ್ದು ಒಣಗಿದರೆ ಗಾರೆಯ ಹಾಗೆ ಗಟ್ಟಿ. ಹೊರಗಿನಿಂದ ಬಣ್ಣ ಚೆನ್ನಾಗೇ ಕಾಣುತ್ತದೆ. ಟಾರ್ಚ್ ಹಿಡಿದು ಫಿನ್ನಿನ ಸಂದಿಯಲ್ಲಿ ನೋಡಿ, ಆಚೆ ಕಡೆಯ ಬೆಳಕು ಕಾಣಬೇಕು.

ಪಂಪು ಅಥವಾ ನೀರಿನ ಕೂಲರ್ ಇರುವ ಯಂತ್ರವಾದರೆ?

ಪಂಪು ಉಲ್ಟಾ ತಿರುಗುತ್ತಿಲ್ಲ ಅಂತ ಫ್ಲೋ ಇಂಡಿಕೇಟರ್ ನೋಡಿ ಖಚಿತ ಮಾಡಿಕೊಳ್ಳಿ. ಇಂಥ ಕೆಲವು ಯಂತ್ರಗಳು ಪಂಪು ನಿಂತರೆ ನಿಮಿಷಗಳ ಲೆಕ್ಕದಲ್ಲಷ್ಟೇ ಪೂರ್ತಿ ಲೋಡು ತಡೆಯುತ್ತವೆ. ತಯಾರಕರು ಕೊಟ್ಟ ಸಮಯವನ್ನು ಪ್ಯಾನೆಲ್ಲಿನ ಮೇಲೆ ಬರೆದಿಡಿ. ನೀರಿನ ಕೂಲರಿನಲ್ಲಿ ಎಣ್ಣೆ ಮತ್ತು ನೀರು ಎರಡರದ್ದೂ ಒಳಹರಿವು, ಹೊರಹರಿವಿನ ತಾಪ ಬರೆದುಕೊಳ್ಳಿ. ನೀರು ಬಂದಷ್ಟೇ ತಣ್ಣಗೆ ಹೊರಗೆ ಹೋಗುತ್ತಿದ್ದರೆ, ಎಣ್ಣೆಯೂ ಇಳಿಯುತ್ತಿಲ್ಲ ಅಂದರೆ, ಕೊಳವೆಗಳಲ್ಲಿ ಪಾಚಿಯೋ ಸುಣ್ಣದ ಪದರವೋ ಕೂತಿದೆ.

ಥರ್ಮಲ್ ಕ್ಯಾಮೆರಾ ಇದ್ದರೆ ಒಳಗಿನ ಹಾಟ್ ಸ್ಪಾಟ್ ಕಾಣುತ್ತಾ?

ಇಲ್ಲ. ಕ್ಯಾಮೆರಾ ನೋಡೋದು ಹೊರಮೈಯನ್ನು. ಆದರೂ ತುಂಬ ಉಪಯೋಗಕ್ಕೆ ಬರುತ್ತದೆ. ಆರೋಗ್ಯವಾದ ರೇಡಿಯೇಟರ್ ಮೇಲೆ ಬಿಸಿ, ಕೆಳಗೆ ಬರಬರುತ್ತಾ ತಂಪು. ಮುಚ್ಚಿದ ವಾಲ್ವಿನದು ಪೂರ್ತಿ ಕಪ್ಪು. ಬುಶಿಂಗಿನ ಮೇಲ್ತುದಿಯ ಕ್ಲಾಂಪ್ ಸಡಿಲವಾಗಿದ್ದರೆ ಮೂರು ಫೇಸುಗಳಲ್ಲಿ ಅದೊಂದೇ ಬೆಳ್ಳಗೆ ಉರಿಯುತ್ತದೆ. ವೋಲ್ಟೇಜ್ ಹೊಂದಿಸುವ ಟ್ಯಾಪ್ ಚೇಂಜರಿನ ಪೆಟ್ಟಿಗೆ ಮುಖ್ಯ ಟ್ಯಾಂಕಿಗಿಂತ ಬಿಸಿ ಇರಬಾರದು. ಇದ್ದರೆ ಒಳಗಿನ ಕಾಂಟ್ಯಾಕ್ಟ್ ಕೆಟ್ಟಿದೆ ಅಂತ ಅನುಮಾನ ಪಡಿ.

ಸೂರ್ಯ ಮುಳುಗಿದ ಮೇಲೆ, ಲೋಡು ಚೆನ್ನಾಗಿರುವಾಗ ತೆಗೆಯಿರಿ. ಬಣ್ಣ ಬಳಿದ ಮೈಗೆ ಎಮಿಸಿವಿಟಿ (ಮೈ ಎಷ್ಟು ಶಾಖ ಹೊರಸೂಸುತ್ತದೆ ಅನ್ನುವ ಅಂಕಿ) 0.9ರ ಸುತ್ತ ಇಟ್ಟರೆ ಸಾಕು. ಹೊಳೆಯುವ ಅಲ್ಯೂಮಿನಿಯಂ ಕ್ಯಾಮೆರಾಕ್ಕೆ ಕನ್ನಡಿಯ ಹಾಗೆ, ಅಲ್ಲಿ ಬರುವ ಡಿಗ್ರಿಯನ್ನು ನಂಬಬೇಡಿ.

ಎಣ್ಣೆಯ ತಾಪ ನಾರ್ಮಲ್, ಆದರೆ ಡಿಜಿಎ (ಎಣ್ಣೆಯಲ್ಲಿ ಕರಗಿದ ಅನಿಲದ ಪರೀಕ್ಷೆ) ರಿಪೋರ್ಟ್ ಕೆಟ್ಟದಾಗಿದೆ. ಯಾವುದನ್ನು ನಂಬೋದು?

ಡಿಜಿಎ. ಕಾರಣ ಸರಳ. ಒಳಗಿನ ಒಂದು ಸಡಿಲ ಜಾಯಿಂಟು ಒಂದೆರಡು ಕಿಲೋವ್ಯಾಟ್ ಶಾಖ ಹುಟ್ಟಿಸಬಹುದು. ಆ ಜಾಗದಲ್ಲಿ ತಾಮ್ರ 700 ಡಿಗ್ರಿ ದಾಟಬಹುದು. ಆದರೆ ಮೊದಲೇ 1 ಮೆಗಾವ್ಯಾಟ್ ಹೊರುತ್ತಿರುವ ಎಣ್ಣೆಗೆ ಎರಡು ಕಿಲೋವ್ಯಾಟ್ ಯಾವ ಲೆಕ್ಕ? ಮುಳ್ಳು ಅಲುಗುವುದೂ ಇಲ್ಲ. ಇಡೀ ಎಣ್ಣೆ ಬಿಸಿಯಾಗೋದು ಒಂದು ರೋಗ, ಒಂದು ಚುಕ್ಕೆ ಮಾತ್ರ ಸುಡೋದು ಬೇರೆಯೇ ರೋಗ. ಮೊದಲನೆಯದನ್ನು ಥರ್ಮಾಮೀಟರ್ ಹಿಡಿಯುತ್ತದೆ. ಎರಡನೆಯದನ್ನು ಎಣ್ಣೆಯಲ್ಲಿ ಕರಗಿದ ಅನಿಲ ಹಿಡಿದುಕೊಡುತ್ತದೆ.

ಆ ಅನಿಲಗಳನ್ನು ಓದೋದು ಹೇಗೆ?

ಎಣ್ಣೆ ಕಾದಷ್ಟೂ ಬೇರೆ ಬೇರೆ ಅನಿಲ ಬಿಡುತ್ತದೆ. ಕಡಿಮೆ ತಾಪಕ್ಕೆ ಮೀಥೇನ್, ಈಥೇನ್. ತಾಪ ಏರಿದಂತೆ ಎಥಿಲೀನ್ ಮೇಲುಗೈ. ಕಿಡಿ ಹಾರಿದರೆ ಅಸಿಟಿಲೀನ್. ಕಾಗದ ಸುಟ್ಟರೆ ಕಾರ್ಬನ್ ಮಾನಾಕ್ಸೈಡ್, ಕಾರ್ಬನ್ ಡೈಆಕ್ಸೈಡ್.

ಕೆನಡಾದ ವಿದ್ಯುತ್ ಕಂಪನಿ ಹೈಡ್ರೋ-ಕ್ವಿಬೆಕ್‌ನ ಮಿಶೆಲ್ ಡುವಾಲ್ 1970ರ ದಶಕದಲ್ಲಿ ರೂಪಿಸಿದ ತ್ರಿಕೋನ ಇವತ್ತಿಗೂ ಎಲ್ಲರ ಮೇಜಿನ ಮೇಲಿದೆ. ಮೀಥೇನ್, ಎಥಿಲೀನ್, ಅಸಿಟಿಲೀನ್ ಈ ಮೂರನ್ನೇ ಕೂಡಿಸಿ ಶೇಕಡಾವಾರು ನೋಡೋದು. ಒಂದು ರಿಪೋರ್ಟಿನಲ್ಲಿ ಮೀಥೇನ್ 120, ಎಥಿಲೀನ್ 260, ಅಸಿಟಿಲೀನ್ 8 ಪಿಪಿಎಂ ಇದೆ ಅನ್ನಿ. ಒಟ್ಟು 388. ಎಥಿಲೀನ್ ಶೇ. 67, ಅಸಿಟಿಲೀನ್ ಶೇ. 2. ಎಥಿಲೀನ್ ಶೇ. 50 ದಾಟಿ ಅಸಿಟಿಲೀನ್ ಶೇ. 15ರ ಒಳಗಿದ್ದರೆ ಅದು ಟಿ3 ವಲಯ, ಅಂದರೆ 700 ಡಿಗ್ರಿ ಮೀರಿದ ಶಾಖ. ಎಥಿಲೀನ್ ಶೇ. 20ಕ್ಕಿಂತ ಕಡಿಮೆ, ಅಸಿಟಿಲೀನ್ ಶೇ. 4ಕ್ಕಿಂತ ಕಡಿಮೆ ಇದ್ದರೆ ಟಿ1, 300 ಡಿಗ್ರಿಯ ಒಳಗೆ. ಕೇಳಲು ಟಿ1 ಮೆದು ಅನ್ನಿಸಿದರೂ ಅದು ಕಾಗದದೊಳಗೆ ನಡೆಯುತ್ತಿದ್ದರೆ ಬರಿಯ ಎಣ್ಣೆಯಲ್ಲಿನ ಟಿ3ಗಿಂತ ಅಪಾಯ. ಡೈಆಕ್ಸೈಡ್ ಮತ್ತು ಮಾನಾಕ್ಸೈಡಿನ ಅನುಪಾತ 3ಕ್ಕಿಂತ ಇಳಿಯುತ್ತಿದ್ದರೆ, ಜೊತೆಗೆ ಮಾನಾಕ್ಸೈಡ್ ಏರುತ್ತಿದ್ದರೆ, ಕಾಗದದ ಕಡೆ ನೋಡಿ. ಫ್ಯೂರಾನ್ (ಕಾಗದ ಸವೆದಾಗ ಎಣ್ಣೆಗೆ ಸೇರುವ ವಸ್ತು) ಪರೀಕ್ಷೆಯನ್ನೂ ಮಾಡಿಸಿ.

ತ್ರಿಕೋನಕ್ಕೆ ಯಾವ ಮೂರು ಅಂಕಿ ಕೊಟ್ಟರೂ ಏನೋ ಒಂದು ಉತ್ತರ ಕೊಡುತ್ತದೆ. ಆರೋಗ್ಯವಾದ ಯಂತ್ರದ 3, 4, 0 ಪಿಪಿಎಂ ಹಾಕಿದರೂ "ಟಿ3" ಅನ್ನುತ್ತದೆ! ಹಾಗಾಗಿ ಮೊದಲು ಪ್ರಮಾಣ, ಏರುವ ವೇಗ ನೋಡಿ. ಐದು ವರ್ಷದಿಂದ 200ರಲ್ಲೇ ನಿಂತ ಎಥಿಲೀನ್‌ಗಿಂತ ಎರಡು ವಾರದಲ್ಲಿ 20ರಿಂದ 90ಕ್ಕೆ ಹೋದದ್ದು ನನ್ನ ನಿದ್ದೆ ಕೆಡಿಸುತ್ತದೆ.

ಸ್ಯಾಂಪಲ್ ತೆಗೆಯೋದರಲ್ಲೇ ಅರ್ಧ ತಪ್ಪುಗಳಾಗುತ್ತವೆ. ಗಾಜಿನ ಸಿರಿಂಜ್ ಬಳಸಿ. ಮೊದಲು ಬರುವ ಒಂದೆರಡು ಲೀಟರ್ ಚೆಲ್ಲಿ. ಗುಳ್ಳೆ ಸೇರಿದರೆ ಆ ಸ್ಯಾಂಪಲ್ ಬಿಸಾಕಿ ಮತ್ತೆ ತೆಗೆಯಿರಿ. ಬಿಸಿಲಿನಲ್ಲಿ ಇಡಬೇಡಿ. ಚೀಟಿಯ ಮೇಲೆ ಎಣ್ಣೆಯ ತಾಪ, ಲೋಡು ಎರಡನ್ನೂ ಬರೆಯಿರಿ.

ಒಳಗೆ ಎಲ್ಲೋ ಸುಡುತ್ತಿದೆ ಅಂತ ಗೊತ್ತಾಯ್ತು. ಎಲ್ಲಿ ಅಂತ ಹೇಗೆ ಕಂಡುಹಿಡಿಯೋದು?

ಒಂದು ಪ್ರಶ್ನೆ ಕೇಳಿಕೊಳ್ಳಿ: ಅನಿಲ ಲೋಡಿನ ಜೊತೆ ಏರುತ್ತಿದೆಯಾ, ಇಲ್ಲಾ ಲೋಡು ಇಲ್ಲದಿದ್ದರೂ ಏರುತ್ತಿದೆಯಾ? ಲೋಡಿನ ಜೊತೆ ಏರಿದರೆ ಕರೆಂಟಿನ ದಾರಿ ಕೆಟ್ಟಿದೆ, ಇಲ್ಲವೇ ವೈಂಡಿಂಗಿನಿಂದ ಸೋರುವ ಕಾಂತಕ್ಷೇತ್ರ ಟ್ಯಾಂಕಿನ ಲೋಹವನ್ನು ಕಾಯಿಸುತ್ತಿದೆ. ಚಾರ್ಜ್ ಮಾಡಿ ಖಾಲಿ ಬಿಟ್ಟರೂ ಏರಿದರೆ ಕೋರಿನ (ವೈಂಡಿಂಗಿನ ನಡುವಿನ ಕಬ್ಬಿಣದ ತಿರುಳು) ಕಡೆ ಅನುಮಾನ.

ಕೋರನ್ನು ಒಂದೇ ಕಡೆ ಅರ್ತ್ ಮಾಡಿರುತ್ತಾರೆ. ಇನ್ನೊಂದು ಕಡೆ ಎಲ್ಲೋ ತಾಗಿದರೆ ಒಂದು ಸುತ್ತು ಮುಚ್ಚಿಕೊಂಡು ಕರೆಂಟು ತಿರುಗುತ್ತದೆ. ಕೋರ್ ಅರ್ತ್ ಹೊರಗೆ ತಂದಿದ್ದರೆ ಕ್ಲಾಂಪ್ ಮೀಟರ್ ಹಾಕಿ. ಮಿಲಿಆಂಪಿಯರ್ ಇರಬೇಕಾದ ಕಡೆ ಆಂಪಿಯರ್‌ಗಟ್ಟಲೆ ಇದ್ದರೆ ಕಳ್ಳ ಸಿಕ್ಕಿದ. ಷಟ್‌ಡೌನ್ ಸಿಗುವ ತನಕ ಆ ಅರ್ತಿನ ಸರಣಿಯಲ್ಲಿ ರೆಸಿಸ್ಟರ್ ಹಾಕಿ ಕರೆಂಟು ತಗ್ಗಿಸುವುದುಂಟು. ಅರ್ತನ್ನು ಪೂರ್ತಿ ಬಿಚ್ಚಿಡೋದು ಮಾತ್ರ ಬೇಡ.

ಕರೆಂಟಿನ ದಾರಿಗೆ ವೈಂಡಿಂಗ್ ರೆಸಿಸ್ಟೆನ್ಸ್ ಟೆಸ್ಟ್. ಎಲ್ಲ ಫೇಸು, ಎಲ್ಲ ಟ್ಯಾಪು, ಒಂದೇ ತಾಪಕ್ಕೆ ತಿದ್ದಿ ಹೋಲಿಸಿ. ಫೇಸುಗಳ ನಡುವೆ ಶೇ. 2ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಬಿಡಬೇಡಿ. ಜನರೇಟರ್ ಟ್ರಾನ್ಸ್‌ಫಾರ್ಮರಿನಲ್ಲಿ ಆಫ್ ಸರ್ಕ್ಯೂಟ್ ಟ್ಯಾಪ್ ಸ್ವಿಚ್ ಇದ್ದರೆ ಮೊದಲ ಅನುಮಾನ ಅದರ ಮೇಲೆ. ವರ್ಷಾನುಗಟ್ಟಲೆ ಒಂದೇ ಟ್ಯಾಪಿನಲ್ಲಿ ಕೂತು ಕಾಂಟ್ಯಾಕ್ಟಿನ ಮೇಲೆ ಪದರ ಕಟ್ಟುತ್ತದೆ. ಪದರದಿಂದ ಶಾಖ, ಶಾಖದಿಂದ ಮಸಿ, ಮಸಿಯಿಂದ ಇನ್ನಷ್ಟು ಶಾಖ. ಪ್ರತಿ ಷಟ್‌ಡೌನಿನಲ್ಲೂ ಸರಬರಾಜು ಪೂರ್ತಿ ತೆಗೆದು ಆ ಸ್ವಿಚ್ಚನ್ನು ಈ ತುದಿಯಿಂದ ಆ ತುದಿಗೆ ಹತ್ತು ಸಲ ತಿರುಗಿಸಿ. ಖರ್ಚಿಲ್ಲದ ಕೆಲಸ. ಕೊನೆಗೆ ಮೊದಲಿನ ಟ್ಯಾಪಿಗೇ ತಂದು, ರೆಸಿಸ್ಟೆನ್ಸ್ ಇನ್ನೊಮ್ಮೆ ಅಳೆದು ಬಿಡಿ.

ಸ್ಥಾವರದಲ್ಲಿ ಮಾತ್ರ ಕಾಣುವ ಕಾರಣಗಳೇನಾದರೂ ಇವೆಯಾ?

ಇವೆ. ಒಂದು, ಓವರ್‌ಫ್ಲಕ್ಸಿಂಗ್. ಯೂನಿಟ್ ಸ್ಟಾರ್ಟ್ ಮಾಡುವಾಗ ವೇಗ ಪೂರ್ತಿ ಬರುವ ಮೊದಲೇ ಎಕ್ಸೈಟೇಶನ್ (ಜನರೇಟರಿನ ಕಾಂತಕ್ಕೆ ಕೊಡುವ ಕರೆಂಟು) ಕೊಟ್ಟರೆ ಕೋರ್ ಫ್ಲಕ್ಸಿನಿಂದ, ಅಂದರೆ ಕಾಂತಹರಿವಿನಿಂದ, ತುಂಬಿಹೋಗುತ್ತದೆ. 50 ಹರ್ಟ್ಸ್ ಯಂತ್ರ 40ರಲ್ಲಿದ್ದಾಗ ವೋಲ್ಟೇಜ್ ಶೇ. 90 ಇದ್ದರೆ ಫ್ಲಕ್ಸ್ ಶೇ. 112.5. ವೋಲ್ಟ್‌ಮೀಟರ್ ಮಾತ್ರ ನೋಡುವವರಿಗೆ ಎಲ್ಲ ಕಡಿಮೆಯೇ ಕಾಣುತ್ತದೆ. ಆ ಹೊತ್ತಿನಲ್ಲಿ ಕೋರಿನಿಂದ ಹೊರಚೆಲ್ಲಿದ ಫ್ಲಕ್ಸ್ ಬೋಲ್ಟು, ಕ್ಲಾಂಪುಗಳನ್ನು ಕಾಯಿಸುತ್ತದೆ.

ಎರಡು, ಕಡಿಮೆ ವೋಲ್ಟೇಜ್ ಕಡೆಯ ಭಾರಿ ಕರೆಂಟು. 15.75 ಕೆವಿಯಲ್ಲಿ 250 ಎಂವಿಎ ಅಂದರೆ ಸುಮಾರು 9,160 ಆಂಪಿಯರ್. ಅಷ್ಟು ಕರೆಂಟಿನ ಸುತ್ತ ಇರುವ ಟ್ಯಾಂಕಿನ ಗೋಡೆ, ಬುಶಿಂಗಿನ ಫ್ಲಾಂಜು, ಬಸ್ ಡಕ್ಟಿನ ಬೋಲ್ಟು ಎಲ್ಲವೂ ಸುಳಿ ಕರೆಂಟಿನಿಂದ ಬಿಸಿಯಾಗುತ್ತವೆ. ಅಯಸ್ಕಾಂತ ಹಿಡಿಯದ ಸ್ಟೀಲ್ ಬೋಲ್ಟ್ ಇರಬೇಕಾದ ಕಡೆ ಕೈಗೆ ಸಿಕ್ಕ ಬೋಲ್ಟ್ ಹಾಕಿದರೆ ಅದರ ಸುತ್ತಲಿನ ಬಣ್ಣವೇ ಕಂದಿ ಹೇಳುತ್ತದೆ.

ಮೂರನೆಯದು ಅಪರೂಪ, ಸೂರ್ಯನ ಬಿರುಗಾಳಿ. ನೆಲದ ಮೂಲಕ ನ್ಯೂಟ್ರಲ್ಲಿಗೆ ಡಿಸಿ ಕರೆಂಟು ನುಗ್ಗಿ ಕೋರ್ ಅರ್ಧ ಸೈಕಲ್ ತುಂಬಿಹೋಗುತ್ತದೆ. 1989ರ ಮಾರ್ಚ್ 13ರ ಬಿರುಗಾಳಿ ಕ್ವಿಬೆಕ್ ಪ್ರಾಂತ್ಯವನ್ನು ಕತ್ತಲಲ್ಲಿಟ್ಟಿತು. ಅದೇ ಸಲ ನ್ಯೂಜೆರ್ಸಿಯ ಸೇಲಂ ಪರಮಾಣು ಸ್ಥಾವರದ ಟ್ರಾನ್ಸ್‌ಫಾರ್ಮರ್ ಒಳಗೆ ಕಾದು ಹಾಳಾಯಿತು.

ಡ್ರೈ ಟೈಪ್ ಬಿಸಿಯಾದರೆ?

ಎಣ್ಣೆಯಿಲ್ಲ, ಹಾಗಾಗಿ ಅನಿಲದ ಸಾಕ್ಷಿಯೂ ಇಲ್ಲ. ಕಾಯಿಲಿನ ಸೆನ್ಸರುಗಳೇ ಗತಿ. ಎಫ್ ಕ್ಲಾಸ್ ಇನ್ಸುಲೇಶನ್ 155 ಡಿಗ್ರಿಗೆ, ಎಚ್ ಕ್ಲಾಸ್ 180ಕ್ಕೆ. ಮೂರು ಕಾಯಿಲುಗಳಲ್ಲಿ ನಡುವಿನದು ಸ್ವಲ್ಪ ಜಾಸ್ತಿ ಬಿಸಿ ಇದ್ದರೆ ಸಹಜ, ತುದಿಯದು ಜಾಸ್ತಿ ಇದ್ದರೆ ವಿಚಾರಿಸಿ. ಥೈರಿಸ್ಟರ್‌ಗೆ ಕರೆಂಟು ಕೊಡುವ ಎಕ್ಸೈಟೇಶನ್ ಟ್ರಾನ್ಸ್‌ಫಾರ್ಮರಿನಲ್ಲಿ ಕರೆಂಟಿನ ಅಲೆಯ ಆಕಾರ ಕೆಡಿಸುವ ಹಾರ್ಮೋನಿಕ್ಸ್‌ನ ಬಿಸಿಯೂ ಸೇರಿರುತ್ತದೆ. ಉಳಿದಂತೆ ಧೂಳು ಹೊಡೆದು, ಕೋಣೆಯ ಗಾಳಿ ಕಿಂಡಿ ಮುಚ್ಚಿದೆಯಾ ನೋಡಿದರೆ ಮುಕ್ಕಾಲು ಪಾಲು ಕೆಲಸ ಮುಗಿಯಿತು.

ಎಣ್ಣೆ ಫಿಲ್ಟರ್ ಮಾಡಿಸಿದರೆ ಸರಿಹೋಗಲ್ವಾ?

ಅನಿಲ ಹೋಗುತ್ತದೆ, ರೋಗ ಇರುತ್ತದೆ. ಕಾರಣ ಗೊತ್ತಾಗುವ ಮೊದಲೇ ಫಿಲ್ಟರ್ ಹಾಕೋದು ಸಾಕ್ಷಿ ಒರೆಸಿ ಹಾಕಿದ ಹಾಗೆ. ಹಾಕಲೇಬೇಕಾದರೆ ಮೊದಲು ಸ್ಯಾಂಪಲ್ ತೆಗೆದಿಡಿ. ಕಾಗದದಲ್ಲಿ ಅಡಗಿದ್ದ ಅನಿಲ ಫಿಲ್ಟರ್ ಆದ ಮೇಲೂ ಸ್ವಲ್ಪ ಸ್ವಲ್ಪ ಹೊರಬರುತ್ತದೆ, ಅದನ್ನು ಹೊಸ ತೊಂದರೆ ಅಂದುಕೊಳ್ಳಬೇಡಿ.

ರೇಡಿಯೇಟರ್ ಮೇಲೆ ನೀರು ಹೊಡೆಯಬಹುದಾ?

ನನ್ನ ಮಟ್ಟಿಗೆ ಬೇಡ. ಪಕ್ಕದಲ್ಲೇ ಜೀವಂತ ಬುಶಿಂಗ್ ಇದೆ. ತುಕ್ಕು, ಸುಣ್ಣದ ಕಲೆ ಬೇರೆ. ಅಷ್ಟು ತುರ್ತಾದರೆ ಲೋಡು ಇಳಿಸಿ. ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ ಶೇ. 10 ಲೋಡು ಬಿಟ್ಟರೆ ಲೋಡ್ ಲಾಸ್ ಶೇ. 19 ಕಡಿಮೆಯಾಗುತ್ತದೆ.

ಯಾವಾಗ ಕಾಯಬಾರದು, ಯಂತ್ರ ನಿಲ್ಲಿಸಲೇಬೇಕು?

ಬುಕೋಲ್ಜ್ ರಿಲೇಯಲ್ಲಿ (ಟ್ಯಾಂಕಿನಿಂದ ಮೇಲೇರುವ ಅನಿಲ ಹಿಡಿದು ಎಚ್ಚರಿಸುವ ಸಾಧನ) ಅನಿಲ ತುಂಬಿ ಅಲಾರಂ ಬಂದು, ಆ ಅನಿಲ ಹೊತ್ತಿಕೊಳ್ಳುವಂಥದ್ದು ಅಂತ ಪರೀಕ್ಷೆಯಲ್ಲಿ ಗೊತ್ತಾದರೆ. ನಿನ್ನೆ ಇಲ್ಲದ ಅಸಿಟಿಲೀನ್ ಇವತ್ತು ಕಂಡು, ನಾಳೆಯ ಸ್ಯಾಂಪಲ್‌ನಲ್ಲಿ ಏರಿದರೆ. ಹಾಟ್ ಸ್ಪಾಟ್ 140ರ ಹತ್ತಿರ ಹೋದರೆ, ಯಾಕೆಂದರೆ ಅಲ್ಲಿ ಕಾಗದದ ತೇವ ಗುಳ್ಳೆಯಾಗಿ ಎದ್ದು ಇನ್ಸುಲೇಶನ್ ಕೈಕೊಡಬಹುದು. ಬುಕೋಲ್ಜ್ ಟ್ರಿಪ್ ಆಗಿದ್ದರೆ "ಒಂದ್ಸಲ ಚಾರ್ಜ್ ಮಾಡಿ ನೋಡೋಣ" ಅನ್ನುವವರ ಮಾತು ಕೇಳಬೇಡಿ. ಮೊದಲು ರಿಲೇಯ ಅನಿಲ ಮತ್ತು ಟ್ಯಾಂಕಿನ ಎಣ್ಣೆ ಎರಡನ್ನೂ ಲ್ಯಾಬಿಗೆ ಕಳಿಸಿ. ರಿಪೋರ್ಟ್ ಬರುವ ತನಕ ಬ್ರೇಕರಿಗೆ ಬೀಗ ಹಾಕಿ, ಕೀಲಿ ನಿಮ್ಮ ಜೇಬಿನಲ್ಲೇ ಇರಲಿ.